ಹೇಸರಗತ್ತೆಗಳು ತುಳಿದ ದಾರಿ



ಅಮೆರಿಕದ ರಾಜಧಾನಿ ವಾಷಿಂಗ್ಟನ್ ನಗರದಲ್ಲಿ ಜಾರ್ಜ್‌ಟೌನ್ ಎಂಬ ಹಳೆಯ ಬಡಾವಣೆಯೊಂದಿದೆ. ಅಲ್ಲಿನ ಅಂಗಡಿ ಸಾಲುಗಳ ಹಿಂಬದಿಯಿಂದ ಒಂದು ದಾರಿ ನದಿಯ ಮೇಲ್ಗಡೆಗೆ ಹೊರಡುತ್ತದೆ. ಎಡಕ್ಕೆ ಪೊಟೊಮ್ಯಾಕ್ ನದಿ, ಬಲಕ್ಕೆ ಹಳೆಯದೊಂದು ನಾಲೆ, ನಡುವೆ ಈ ದಾರಿ. ಬಹುಪಾಲು ಮಣ್ಣು, ಉಳಿದದ್ದು ಪುಡಿಜಲ್ಲಿ. 297 ಕಿಲೋಮೀಟರು ದೂರದ ಕಂಬರ್ಲೆಂಡ್ ಎಂಬ ಬೆಟ್ಟದೂರಿನ ತನಕ ಅದು ಕಾಡಿನೊಳಗೆ, ಕಣಿವೆಯ ಅಂಚಿನಲ್ಲಿ, ನದಿಯ ಜೊತೆಜೊತೆಗೆ ಸಾಗುತ್ತದೆ. ದುರಸ್ತಿಗೆಂದು ಬರುವ ವಾಹನಗಳ ಹೊರತು ಅದರ ಮೇಲೆ ಯಾವ ಮೋಟಾರು ವಾಹನಕ್ಕೂ ಪ್ರವೇಶವಿಲ್ಲ. ನಡೆಯುವವರು, ಸೈಕಲ್ ತುಳಿಯುವವರು, ಕೆಲವೆಡೆ ಕುದುರೆ ಸವಾರರು, ಇಷ್ಟೇ ಮಂದಿಗೆ ಆ ದಾರಿ ಸಲ್ಲುತ್ತದೆ.

ಇಂದು ವರ್ಷಕ್ಕೆ ನಲವತ್ತು ಲಕ್ಷಕ್ಕೂ ಹೆಚ್ಚು ಭೇಟಿಗಳನ್ನು ಕಾಣುವ ಈ ಕಣಿವೆಯ ಮೇಲೆ 1950ರ ದಶಕದಲ್ಲಿ ಕಾರುಗಳ ಹೆದ್ದಾರಿಯೊಂದು ಹಾದುಹೋಗುವುದಿತ್ತು. ಅದು ಹೇಗೆ ತಪ್ಪಿತೆಂಬುದು, ಗುಡ್ಡಬೆಟ್ಟಗಳ ನಡುವೆ ಬದುಕುವವರು ತಿಳಿದಿರಬೇಕಾದ ಸಂಗತಿ.

ನಾಲೆ ಎಂದೊಡನೆ ಇಲ್ಲಿಯವರಿಗೆ ನೀರಾವರಿ ನಾಲೆ ನೆನಪಿಗೆ ಬಂದೀತು. ಪೊಟೊಮ್ಯಾಕ್ ದಂಡೆಯ ನಾಲೆಯನ್ನು ತೋಡಿದ್ದು ಹೊಲಕ್ಕೆ ನೀರು ಹಾಯಿಸಲಿಕ್ಕಲ್ಲ, ದೋಣಿಗಳಲ್ಲಿ ಸರಕು ಸಾಗಿಸಲಿಕ್ಕೆ. 1828ರ ಜುಲೈ 4ರಂದು ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಮೊದಲ ಸಲಿಕೆ ಮಣ್ಣು ಎತ್ತಿದರು. ಸಲಿಕೆ ಮರದ ಬೇರಿಗೆ ತಾಗಿ ನೆಲಕ್ಕಿಳಿಯಲಿಲ್ಲ. ಕೊನೆಗೆ ಅವರು ಕೋಟು ಕಳಚಿ ಅಗೆಯಬೇಕಾಯಿತು. ಅದೇ ದಿನ, ಅಷ್ಟೇನೂ ದೂರವಲ್ಲದ ಬಾಲ್ಟಿಮೋರ್ ಪಟ್ಟಣದಲ್ಲಿ ಪಶ್ಚಿಮಕ್ಕೆ ಹೋಗುವ ರೈಲುಮಾರ್ಗಕ್ಕೂ ಶಂಕುಸ್ಥಾಪನೆಯಾಯಿತು. ರೈಲು 1842ರಲ್ಲಿ ಕಂಬರ್ಲೆಂಡ್ ತಲುಪಿತು. ನಾಲೆ ತಲುಪಿದ್ದು 1850ರಲ್ಲಿ. ಅಂದರೆ ಕೆಲಸ ಮುಗಿಯುವ ಮೊದಲೇ ನಾಲೆಯ ಕಾಲ ಕಳೆದುಹೋಗಿತ್ತು. ಅದನ್ನು ತೋಡಿದವರಲ್ಲಿ ಬಹುಮಂದಿ ಐರ್ಲೆಂಡಿನಿಂದ ಬಂದ ಕೂಲಿಗಳು. 1832ರ ಕಾಲರಾ ಅವರಲ್ಲಿ ಎಷ್ಟೋ ಜನರನ್ನು ಕೊಂಡೊಯ್ದಿತು. ಮುಂದೆ ಓಹಿಯೋ ನದಿಯನ್ನು ಮುಟ್ಟಬೇಕಾಗಿದ್ದ ನಾಲೆ ಕಂಬರ್ಲೆಂಡಿನಲ್ಲೇ ನಿಂತಿತು.

ಆದರೂ ಅದು ಮುಕ್ಕಾಲು ಶತಮಾನ ಕೆಲಸ ಮಾಡಿತು. ಬೆಟ್ಟದ ಗಣಿಗಳ ಕಲ್ಲಿದ್ದಲು ತುಂಬಿದ ದೋಣಿಗಳನ್ನು ಹೇಸರಗತ್ತೆಗಳು ಹಗ್ಗ ಕಟ್ಟಿ ಎಳೆಯುತ್ತಿದ್ದವು. ಆ ಹೇಸರಗತ್ತೆಗಳು ನಡೆಯಲೆಂದು ನಾಲೆಯ ಏರಿಯ ಮೇಲೆ ಮಾಡಿದ್ದ ಜಾಡೇ ಇಂದಿನ ಸೈಕಲ್ ದಾರಿ. ಸಮುದ್ರಮಟ್ಟದ ಜಾರ್ಜ್‌ಟೌನಿನಿಂದ ಕಂಬರ್ಲೆಂಡಿಗೆ 605 ಅಡಿ ಏರಬೇಕು. ಈ ಏರನ್ನೆಲ್ಲ 74 ಕಲ್ಲುಕಟ್ಟಡದ ನೀರುಕಟ್ಟೆಗಳಿಗೆ ಹಂಚಿದ್ದರು. ಎರಡು ಕದಗಳ ನಡುವೆ ದೋಣಿಯನ್ನು ನಿಲ್ಲಿಸಿ, ನೀರು ತುಂಬಿಸಿದರೆ ಅದು ಸರಾಸರಿ ಎಂಟಡಿ ಮೇಲೇರುತ್ತಿತ್ತು. ಹೀಗಾಗಿ ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಯ ತನಕ ಜಾಡು ಹೆಚ್ಚುಕಡಿಮೆ ಸಮತಟ್ಟು. ಏಳು ವರ್ಷದ ಮಗುವೂ ಎಪ್ಪತ್ತು ದಾಟಿದ ಮುದುಕರೂ ಏದುಸಿರಿಲ್ಲದೆ ಸೈಕಲ್ ತುಳಿಯಬಲ್ಲ ಈ ಅನುಕೂಲ, ಯಾರೂ ಸೈಕಲ್ಲಿಗಾಗಿ ಯೋಚಿಸಿ ಮಾಡಿದ್ದಲ್ಲ. ಭಾರ ಎಳೆಯುವ ಪ್ರಾಣಿಯ ಶಕ್ತಿಯನ್ನು ಲೆಕ್ಕಹಾಕಿ ಮಾಡಿದ್ದು.

1889ರ ಮಹಾಪೂರದಿಂದ ನಾಲೆಯ ಕಂಪನಿ ದಿವಾಳಿಯಾಯಿತು, ಅದರ ಆಡಳಿತ ಪೈಪೋಟಿಯ ರೈಲು ಕಂಪನಿಯ ಕೈಸೇರಿತು. 1924ರ ಪೂರದ ನಂತರ ದೋಣಿಗಳು ನಿಂತೇಹೋದವು. 1938ರಲ್ಲಿ ಒಕ್ಕೂಟ ಸರ್ಕಾರ ಇಡೀ ನಾಲೆಯನ್ನು 20 ಲಕ್ಷ ಡಾಲರಿಗೆ ಕೊಂಡಿತು. ಕೆಳಗಿನ ಸುಮಾರು 35 ಕಿಲೋಮೀಟರನ್ನು ನಿರುದ್ಯೋಗಿ ಕರಿಯ ಯುವಕರ ಸರ್ಕಾರಿ ಶ್ರಮದಳಗಳು ದುರಸ್ತಿ ಮಾಡಿದವು. ಉಳಿದದ್ದನ್ನು ಯಾರೂ ಮುಟ್ಟಲಿಲ್ಲ. ನಾಲೆಯಲ್ಲಿ ಹೂಳು ತುಂಬಿತು, ಹೂಳಿನಲ್ಲಿ ಮರ ಬೆಳೆಯಿತು, ಅಳಿದುಳಿದ ನೀರಿಗೆ ಆಮೆಗಳೂ ಕೊಕ್ಕರೆಗಳೂ ಬಂದವು. ಕಲ್ಲಿದ್ದಲಿಗಾಗಿ ಕಡಿದು ತೋಡಿದ ಕಣಿವೆ ತನ್ನಷ್ಟಕ್ಕೆ ಕಾಡಾಯಿತು.

ಹಾಳುಬಿದ್ದ ಜಾಗದ ಮೇಲೆ ಯೋಜನೆಗಳ ಕಣ್ಣು ಬೀಳುವುದು ತಡವಾಗುವುದಿಲ್ಲ. ನಾಲೆಯ ಗುಂಟ ಕಾರುಗಳು ಓಡಾಡುವ ವಿಹಾರ ರಸ್ತೆಯೊಂದನ್ನು ನಿರ್ಮಿಸಬೇಕೆಂಬ ಪ್ರಸ್ತಾಪ ಸರ್ಕಾರದ ಮುಂದೆ ಬಂತು. ನಗರದ ಜನ ಕಾರಿನಲ್ಲಿ ಕುಳಿತೇ ನಿಸರ್ಗವನ್ನು ಕಾಣಲಿ ಎಂಬುದು ಅದರ ಹಿಂದಿನ ವಾದ. 1954ರ ಜನವರಿಯಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯ ಸಂಪಾದಕೀಯವೂ ಅದನ್ನು ಬೆಂಬಲಿಸಿತು.

ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಆ ದಾರಿಯಲ್ಲಿ ನಡೆಯುವ ಅಭ್ಯಾಸವಿದ್ದವರು. ಅವರು ಪತ್ರಿಕೆಗೆ ಒಂದು ಕಾಗದ ಬರೆದರು. ಅದರಲ್ಲಿ ಅಂಕಿಅಂಶಗಳ ವಾದವಿರಲಿಲ್ಲ, ಒಂದು ಆಹ್ವಾನವಿತ್ತು: ಸಂಪಾದಕರು ತಮ್ಮೊಡನೆ ಕಂಬರ್ಲೆಂಡಿನಿಂದ ವಾಷಿಂಗ್ಟನ್ನಿನವರೆಗೆ ಇಡೀ ನಾಲೆಯ ಉದ್ದಕ್ಕೂ ನಡೆದು ಬರಲಿ, ಆಮೇಲೆ ಬರೆಯಲಿ. ಸಂಪಾದಕರು ಒಪ್ಪಿದರು. ಮಾರ್ಚ್ 20ರಂದು ನಡಿಗೆ ಹೊರಟಿತು. ಮೊದಲ ದಿನಗಳಲ್ಲಿ ಹಿಮ ಸುರಿಯಿತು. ವನ್ಯಜೀವಿ ತಜ್ಞ ಓಲಾಸ್ ಮ್ಯೂರಿಯಂಥವರು ಜೊತೆಗಿದ್ದರು, ಸುದ್ದಿಗಾರರಿದ್ದರು. ದಾರಿಯುದ್ದಕ್ಕೂ ಊರಿನವರು ಬಂದು ಸೇರಿ, ಸ್ವಲ್ಪ ದೂರ ನಡೆದು ಮರಳುತ್ತಿದ್ದರು. ಎಂಟನೆಯ ದಿನ ವಾಷಿಂಗ್ಟನ್ ಮುಟ್ಟಿದಾಗ, ಆರಂಭದಿಂದ ಕೊನೆಯವರೆಗೆ ಪೂರ್ತಿ ನಡೆದವರು ಒಂಬತ್ತೇ ಮಂದಿ. ಐವತ್ತೈದು ವರ್ಷದ ಡಗ್ಲಸ್ ಅವರಲ್ಲೊಬ್ಬರು. ಸಂಪಾದಕರು ಆ ಒಂಬತ್ತರಲ್ಲಿರಲಿಲ್ಲ. ಆದರೆ ನಡೆದಷ್ಟು ದೂರ ಕಂಡದ್ದು ಸಾಕಾಯಿತು. ತಿಂಗಳು ಮುಗಿಯುವುದರೊಳಗೆ ಪತ್ರಿಕೆ ತನ್ನ ನಿಲುವನ್ನು ಸಡಿಲಿಸಿತು. 1987-88ರಲ್ಲಿ ಉತ್ತರದಿಂದಲೂ ದಕ್ಷಿಣದಿಂದಲೂ ಹೊರಟು ಗೋವೆಯಲ್ಲಿ ಕೂಡಿದ ‘ಪಶ್ಚಿಮಘಟ್ಟ ಉಳಿಸಿ’ ಪಾದಯಾತ್ರೆಯನ್ನು ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ಎಂಟು ದಿನದ ನಡಿಗೆಯಿಂದ ಎಲ್ಲವೂ ಮುಗಿಯಲಿಲ್ಲ. 1961ರಲ್ಲಿ, ಅಧಿಕಾರ ಬಿಡಲು ಎರಡು ದಿನವಿರುವಾಗ, ಅಧ್ಯಕ್ಷ ಐಸೆನ್‌ಹೋವರ್ ನಾಲೆಯ ಮೇಲ್ಭಾಗವನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. ರಾಷ್ಟ್ರೀಯ ಐತಿಹಾಸಿಕ ಉದ್ಯಾನದ ಕಾಯಿದೆಗೆ ಸಹಿ ಬೀಳಲು 1971ರ ಜನವರಿಯಾಯಿತು. ನಡಿಗೆಯಿಂದ ಕಾನೂನಿಗೆ ಹದಿನೇಳು ವರ್ಷ. ಇಲ್ಲಿ ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಉದ್ಯಾನಕ್ಕೆ ಸುಮಾರು ಇಪ್ಪತ್ತು ಸಾವಿರ ಎಕರೆ ಬೇಕಾಗಿ, ದಂಡೆಯ ಖಾಸಗಿ ಜಮೀನುಗಳನ್ನು ಸರ್ಕಾರ ಕೊಂಡುಕೊಂಡಿತು. ನದಿದಂಡೆಯ ಜಮೀನು ಬಿಟ್ಟುಕೊಡಬೇಕಾಗಿ ಬಂದವರ ಅಸಮಾಧಾನ ಸಣ್ಣದಾಗಿರಲಿಲ್ಲ. ಉದ್ಯಾನವೆಂಬ ಪದ ಕೇಳಿದರೆ ಘಟ್ಟದ ಹಳ್ಳಿಗಳಲ್ಲಿ ಏಳುವ ಆತಂಕ ಆ ದೇಶದಲ್ಲೂ ಇತ್ತೆಂಬುದನ್ನು ನೆನಪಿಡಬೇಕು.

ರಸ್ತೆ ಬಂದಿದ್ದರೆ ಏನಾಗುತ್ತಿತ್ತು ಎಂಬುದನ್ನು ಊಹಿಸಬೇಕಾದ್ದೂ ಇಲ್ಲ. ನಗರಕ್ಕೆ ಹತ್ತಿರದ ಕೆಲವು ಕಿಲೋಮೀಟರುಗಳಲ್ಲಿ ಅಂಥದೇ ವಿಹಾರ ರಸ್ತೆಯೊಂದು ನಾಲೆಯ ಪಕ್ಕದಲ್ಲಿ ಬಂದೇಬಿಟ್ಟಿದೆ. ಜಾರ್ಜ್‌ಟೌನ್ ಬಿಟ್ಟು ಸೈಕಲ್ ತುಳಿಯುವವರಿಗೆ ಅಲ್ಲಿ ಮರಗಳಾಚೆ ಕಾರುಗಳ ಮೊರೆತ ಕೇಳಿಸುತ್ತಲೇ ಇರುತ್ತದೆ. ಕಾರ್ಡರಾಕ್ ಎಂಬಲ್ಲಿ ಆ ರಸ್ತೆ ಮುಗಿಯುತ್ತದೆ. ಆಮೇಲೆ ಕೇಳುವುದು ಗ್ರೇಟ್ ಫಾಲ್ಸ್ ಜಲಪಾತದ ಸದ್ದು, ಅದನ್ನೂ ದಾಟಿದರೆ ಚಕ್ರದಡಿಯ ಜಲ್ಲಿಯ ಸದ್ದು. ಮಾರ್ಗದ ನಡುವೆ ಅಲ್ಲಲ್ಲಿ ಬಾಡಿಗೆಯಿಲ್ಲದೆ ತಂಗಲು ಜಾಗ, ಕೈಪಂಪು, ಒಂದು ಶೌಚದ ಗುಡಿಸಲು ಇವೆ; ಹೆಚ್ಚಿನದೇನೂ ಇಲ್ಲ. ಪಾ ಪಾ ಎಂಬಲ್ಲಿ ಗುಡ್ಡವನ್ನು ಕೊರೆದ 950 ಮೀಟರಿನ ಸುರಂಗವಿದೆ, ಕಟ್ಟಲು ಹದಿನಾಲ್ಕು ವರ್ಷ ಹಿಡಿದದ್ದು. ಅದರೊಳಗೆ ದೀಪ ಹಿಡಿದು, ಸೈಕಲ್ಲನ್ನು ತಳ್ಳಿಕೊಂಡೇ ನಡೆಯಬೇಕು.

ಕಂಬರ್ಲೆಂಡಿನಲ್ಲಿ ನಾಲೆ ಮುಗಿದರೂ ದಾರಿ ಮುಗಿಯುವುದಿಲ್ಲ. ಅಲ್ಲಿಂದ ಪಿಟ್ಸ್‌ಬರ್ಗ್ ನಗರದವರೆಗೆ 240 ಕಿಲೋಮೀಟರು, ಹಳಿ ಕಿತ್ತ ರೈಲುಮಾರ್ಗಗಳ ಮೇಲೆ ಸುಣ್ಣಕಲ್ಲಿನ ಪುಡಿ ಹಾಸಿ ಮಾಡಿದ ಇನ್ನೊಂದು ದಾರಿಯಿದೆ. ಮೊದಲ ತುಣುಕು 1986ರಲ್ಲಿ ಓಹಿಯೋಪೈಲ್ ಎಂಬ ನದೀತೀರದ ಊರಿನಲ್ಲಿ ತೆರೆಯಿತು. ಕೊನೆಯ ತುಣುಕು 2013ರಲ್ಲಿ. ರೈಲು ಕಡಿದಾದ ಏರು ಹತ್ತಲಾರದು. ಹೀಗಾಗಿ 2392 ಅಡಿ ಎತ್ತರದ ಜಲವಿಭಾಜಕ ದಿಬ್ಬವನ್ನು ದಾಟುವಾಗಲೂ ನೂರು ಅಡಿಗೆ ಎರಡಡಿಗಿಂತ ಕಡಿಮೆ ಏರು. ಗಣಿ, ರೈಲುಗಳು ಕೈಬಿಟ್ಟ ಆ ಸಣ್ಣ ಊರುಗಳಲ್ಲಿ ಈಗ ಸೈಕಲ್ ದುರಸ್ತಿಯ ಅಂಗಡಿ, ಊಟದ ಮನೆ, ತಂಗುಮನೆಗಳಿವೆ. ಕಾರಿನವರು ನಿಲ್ಲದೆ ಹೋಗಿಬಿಡುತ್ತಾರೆ. ಸೈಕಲ್ಲಿನವರಿಗೆ ಸಂಜೆಯಾದರೆ ಹಸಿವಾಗುತ್ತದೆ, ಅವರು ನಿಲ್ಲಲೇಬೇಕು.

ನಾಲೆಯ ದಾರಿಗೆ ಇಂದು ರಸ್ತೆಗಿಂತ ದೊಡ್ಡ ಎದುರಾಳಿ ಸ್ವತಃ ಪೊಟೊಮ್ಯಾಕ್. 1936, 1972, 1985, ಒಂದೊಂದು ಪೂರವೂ ಏರಿಯನ್ನು ಒಡೆದಿದೆ, ಜಾಡನ್ನು ಕೊಚ್ಚಿದೆ. 1996ರ ಜನವರಿಯಲ್ಲಿ ಹಿಮ ಕರಗಿ ಬಂದ ಪೂರಕ್ಕೆ ದಾರಿ ಅನೇಕ ಕಡೆ ಹರಿದುಹೋಯಿತು. ಸರ್ಕಾರದ ಹಣ ಸಾಲದೆ ಜನ ಚಂದಾ ಕೊಟ್ಟರು, ಸ್ವಯಂಸೇವಕರು ಬಂದು ಮರದ ಕೊರಡು, ಕಸ, ಹೂಳು ಎತ್ತಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಚಂಡಮಾರುತದ ಮಳೆಗೆ ನದಿ ಮತ್ತೆ ಉಕ್ಕಿ, ಜಾಡು ಇನ್ನೊಮ್ಮೆ ಕೊಚ್ಚಿಹೋಯಿತು. ನೀರು ಇಳಿದ ಮೇಲೆ ಸಲಿಕೆ ಹಿಡಿದು ಮತ್ತೆ ಬಂದರು.