ಮಡಿಲು ಸಾಲದ ಪ್ರಯಾಣ



ಮಗಳ ಹೆರಿಗೆಯಾಗಿ ಮೂರನೆಯ ದಿನ. ಬಾಣಂತಿಯನ್ನೂ ಕೂಸನ್ನೂ ಆಸ್ಪತ್ರೆಯಿಂದ ಮನೆಗೆ ಕರೆತರಬೇಕು. ನನ್ನಾಕೆ ಹಳೆಯ ಸೀರೆಯ ಮೆತ್ತನೆಯ ತುಂಡಿನಲ್ಲಿ ಮೊಮ್ಮಗಳನ್ನು ಸುತ್ತಿ ಕಾರಿನ ಬಳಿ ನಿಂತಿದ್ದಳು. ಒಳಗೆ, ಹಿಂದಿನ ಆಸನದ ಮೇಲೆ, ನಮ್ಮ ಅಳಿಯಂದಿರು ಮಕ್ಕಳ ಸೀಟೊಂದನ್ನು ಬಿಗಿದಿದ್ದರು.

“ಅಜ್ಜಿಯ ಮಡಿಲಿರುವಾಗ ಈ ಬುಟ್ಟಿ ಏತಕ್ಕೆ?” ಎಂದೆ. ಮಾತಿನಲ್ಲಿ ಕೊಂಚ ಮುನಿಸೂ ಇತ್ತು.

“ಮಡಿಲಿನಲ್ಲಿ ಪ್ರೀತಿ ಇದೆ ಮಾವ, ಹಿಡಿತ ಇಲ್ಲ” ಎಂದರು ಅವರು.

ಮನೆಗೆ ಬಂದ ಮೇಲೂ ಆ ಮಾತು ಮನಸ್ಸನ್ನು ಬಿಡಲಿಲ್ಲ. ಒಂದು ಕಾಲಕ್ಕೆ ಭೌತಶಾಸ್ತ್ರ ಹೇಳಿಕೊಟ್ಟ ಮೇಷ್ಟರು ನಾನು. ಕಾಗದ ತೆಗೆದು ಲೆಕ್ಕ ಹಾಕಿದೆ. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಏನನ್ನಾದರೂ ಗುದ್ದಿ ನಿಲ್ಲುವುದೆಂದರೆ, 10 ಮೀಟರ್ ಎತ್ತರದಿಂದ ನೆಲಕ್ಕೆ ಬಿದ್ದಂತೆ. ಅದು ಅರ್ಧ ಮೀಟರಿನೊಳಗೆ ನಿಂತಿತೆನ್ನಿ; ಮೂರೂವರೆ ಕಿಲೋ ತೂಕದ ಕೂಸನ್ನು ಹಿಡಿದಿಡಲು ಆ ಕ್ಷಣದಲ್ಲಿ ಸುಮಾರು 70 ಕಿಲೋ ಭಾರ ಎತ್ತುವಷ್ಟು ಬಲ ಬೇಕು. ಯಾವ ಅಜ್ಜಿಯ ತೋಳಿಗೆ ಅದು ಸಾಧ್ಯ?

ಮುನಿಸು ಇಳಿಯಿತು. ಕೆಳಗಿಳಿದು ಹೋಗಿ ಆ ಸೀಟನ್ನು ಹಿಡಿದು ಅಲುಗಿಸಿದೆ. ನಾಲ್ಕು ಬೆರಳಿನಷ್ಟು ಜರುಗಿತು! ಅಳಿಯಂದಿರ ಮುಖ ಬಿಳಿಚಿಕೊಂಡಿತು. ಸೀಟನ್ನು ಕೊಂಡು ತಂದಿದ್ದಾಯಿತು, ಕಟ್ಟಿದ್ದೂ ಆಯಿತು, ಸರಿಯಾಗಿ ಕಟ್ಟಿರಲಿಲ್ಲ. ಇಬ್ಬರೂ ಅದರೊಡನೆ ಬಂದ ಕೈಪಿಡಿಯನ್ನು ಬಿಡಿಸಿಕೊಂಡು ಕುಳಿತೆವು.

ಎಳೆಗೂಸಿನ ಸೀಟು ಕಾರಿನ ಹಿಂಬದಿಗೆ ಮುಖಮಾಡಿರಬೇಕು. ಕೂಸಿನ ತಲೆ ಅದರ ಉದ್ದದ ಕಾಲು ಭಾಗ; ಕೊರಳೋ ಇನ್ನೂ ಎಳೆಯದು. ಹಿಮ್ಮುಖವಾಗಿದ್ದರೆ ಮುಂದಿನಿಂದ ಬಂದ ಆಘಾತವನ್ನು ಬೆನ್ನು, ತಲೆ, ಕೊರಳು ಒಟ್ಟಾಗಿ ಸೀಟಿಗೆ ಒಪ್ಪಿಸುತ್ತವೆ. 1964ರಲ್ಲಿ ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ ಎಂಬ ವೈದ್ಯರು ಇಂಥ ಸೀಟಿನ ಮೊದಲ ಮಾದರಿಯನ್ನು ರೂಪಿಸಿದರು. ಆಕಾಶಕ್ಕೆ ಚಿಮ್ಮುವಾಗ ಗಗನಯಾತ್ರಿಗಳು ಬೆನ್ನು ಕೊಟ್ಟು ಮಲಗುವ ಬಗೆಯೇ ಅವರಿಗೆ ಸ್ಫೂರ್ತಿ.

ಇಂಥ ಸೀಟನ್ನು ಗಾಳಿಚೀಲ ಚಾಲೂ ಇರುವ ಮುಂದಿನ ಆಸನದಲ್ಲಿ ಎಂದಿಗೂ ಇಡಬಾರದು. ಉಬ್ಬುವ ಚೀಲದ ಹೊಡೆತ ನೇರವಾಗಿ ಕೂಸಿನ ತಲೆಯ ಹಿಂಬದಿಗೇ ಬೀಳುತ್ತದೆ.

ಕಾರಿನ ಬೆಲ್ಟನ್ನು ಸೀಟಿನಲ್ಲಿ ಗುರುತು ಮಾಡಿದ ದಾರಿಯಲ್ಲೇ ತೂರಿಸಿ, ತಿರುಚಿಕೊಳ್ಳದಂತೆ ನೋಡಿ, ಸೀಟಿನ ಮೇಲೆ ಭಾರ ಹಾಕಿ ಅದುಮುತ್ತ ಬೆಲ್ಟನ್ನು ಎಳೆಯಬೇಕು. ಆಮೇಲೆ ಬೆಲ್ಟು ಹಾದಿರುವಲ್ಲೇ ಹಿಡಿದು ಅಲುಗಿಸಿದರೆ ಒಂದು ಅಂಗುಲಕ್ಕಿಂತ ಹೆಚ್ಚು ಜರುಗಬಾರದು. ಓರೆಯೂ ಕೈಪಿಡಿ ಹೇಳಿದಷ್ಟೇ ಇರಲಿ. ತೀರ ನೆಟ್ಟಗಾದರೆ ಕೂಸಿನ ಗದ್ದ ಎದೆಗೆ ಬಾಗಿ ಉಸಿರಿಗೆ ಅಡ್ಡಿಯಾದೀತು.

ಇನ್ನು ಕೂಸನ್ನು ಕಟ್ಟುವ ಪಟ್ಟಿಗಳು. ಹಿಮ್ಮುಖ ಸೀಟಿನಲ್ಲಿ ಅವು ಹೆಗಲಿನ ಮಟ್ಟದಿಂದಲೋ, ಅದಕ್ಕಿಂತ ತುಸು ಕೆಳಗಿನಿಂದಲೋ ಹೊರಡಬೇಕು. ಹೆಗಲ ಬಳಿ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿದರೆ ಮಡಿಕೆ ಸಿಗಬಾರದು. ದಪ್ಪ ಬಟ್ಟೆಯಲ್ಲಿ ಸುತ್ತಿ ಕಟ್ಟಿದರೆ ಬಿಗಿ ಹುಸಿಯಾಗುತ್ತದೆ. ಮೊದಲು ಪಟ್ಟಿ, ಅದರ ಮೇಲೆ ಹೊದಿಕೆ. ಅಜ್ಜಿಯ ಸೀರೆಯ ತುಂಡಿಗೂ ಹೀಗೆ ಸ್ಥಾನ ದೊರೆಯಿತು.

2019ರಲ್ಲಿ ತಿದ್ದುಪಡಿಯಾದ ನಮ್ಮ ಮೋಟಾರು ವಾಹನ ಕಾಯಿದೆಯೂ 14 ವರ್ಷ ತುಂಬದ ಮಗುವನ್ನು ಬೆಲ್ಟಿನಿಂದಲೋ ಮಕ್ಕಳ ಸೀಟಿನಿಂದಲೋ ಭದ್ರಪಡಿಸಬೇಕೆನ್ನುತ್ತದೆ. ತಪ್ಪಿದರೆ ಸಾವಿರ ರೂಪಾಯಿ ದಂಡ. ಆದರೆ ಸೀಟು ಇದೆಯೇ ಎಂದು ಪೊಲೀಸಿನವರು ನೋಡಿಯಾರು. ಅದು ಅಲುಗುತ್ತದೆಯೇ ಎಂದು ನೋಡಬೇಕಾದವರು ನಾವೇ.

ಈಗ ಅಜ್ಜಿ ತಾನೂ ಬೆಲ್ಟು ಹಾಕಿಕೊಂಡು ಪಕ್ಕದಲ್ಲಿ ಕೂರುತ್ತಾಳೆ. ಕೂಸು ಅವಳ ಕಿರುಬೆರಳನ್ನು ಹಿಡಿದುಕೊಂಡಿರುತ್ತದೆ. ಹೊರಡುವ ಮುನ್ನ ಸೀಟನ್ನು ಒಮ್ಮೆ ಅಲುಗಿಸಿ ನೋಡುವ ಕೆಲಸ ನನ್ನದು. ನಿಮ್ಮ ಮನೆಯಲ್ಲಿಯೂ ಅದು ಯಾರಾದರೊಬ್ಬರ ಪಾಲಿಗೆ ಬರಲಿ.