‘ಸಾರಿ ಹೇಳು, ಕೈ ಕುಲುಕು’ ಅಂದ್ರೆ ಜಗಳ ಮುಗೀತಾ?

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ

ನಾನು ಹೂಡಿ ಕಡೆಯ ಒಂದು ಶಾಲೆಯ ಟೀಚರ್. ಆರು, ಏಳನೇ ಕ್ಲಾಸು ನನ್ನದು. ನಮ್ಮ ಏರಿಯಾ ನಿಮಗೆ ಗೊತ್ತಲ್ಲ, ಒಂದು ಕಡೆ ಐಟಿ ಕಂಪನಿಗಳ ಗಾಜಿನ ಕಟ್ಟಡಗಳು, ಇನ್ನೊಂದು ಕಡೆ ಅವನ್ನ ಕಟ್ಟೋರ, ಗುಡಿಸೋರ, ಕಾಯೋರ ಮನೆಗಳು. ನನ್ನ ಕ್ಲಾಸಲ್ಲಿ ರಾಯಚೂರು, ಯಾದಗಿರಿ ಕಡೆಯಿಂದ ಬಂದ ಮಕ್ಕಳಿದ್ದಾರೆ. ಮನೇಲಿ ತೆಲುಗು, ತಮಿಳು, ಹಿಂದಿ ಮಾತಾಡೋರೂ ಇದ್ದಾರೆ. ಜಗಳಕ್ಕಂತೂ ಬರ ಇಲ್ಲ. ಇವತ್ತು ಅದರ ಬಗ್ಗೆನೇ ಒಂದು ಗೆದ್ದ ಕತೆ, ಒಂದು ಸೋತ ಕತೆ ಹೇಳ್ತೀನಿ.

ಮೊದಲೆಲ್ಲ ಜಗಳ ಬಂದ್ರೆ ನನ್ನ ಹತ್ರ ಇದ್ದದ್ದು ಒಂದೇ ಮದ್ದು. ಇಬ್ಬರನ್ನೂ ಎದುರಿಗೆ ನಿಲ್ಲಿಸಿ ‘ಯಾರು ಶುರು ಮಾಡಿದ್ದು?’ ಅಂತ ಕೇಳೋದು. ‘ಅವನೇ ಮಿಸ್.’ ‘ಇಲ್ಲ ಮಿಸ್, ಅವನೇ.’ ‘ಸರಿ, ಸಾರಿ ಹೇಳು, ಕೈ ಕುಲುಕು, ಹೋಗಿ ಕೂತ್ಕೊ.’ ಎರಡು ನಿಮಿಷದಲ್ಲಿ ಸದ್ದು ನಿಲ್ತಿತ್ತು. ಜಗಳ ಮಾತ್ರ ಸಂಜೆ ಗೇಟಿನಾಚೆ ಮತ್ತೆ ಶುರು.

ಆಮೇಲೆ ಮಕ್ಕಳನ್ನೇ ಮಧ್ಯಸ್ಥರನ್ನಾಗಿ ತಯಾರು ಮಾಡೋ ಕ್ರಮ ಕಲಿತೆ. ಇದು ಹೊಸದೇನಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಶಾಲೆಗಳಲ್ಲಿ 1980ರ ದಶಕದಲ್ಲೇ ಇತ್ತು. ನಮ್ಮಲ್ಲಿ ದೊಡ್ಡವರ ವ್ಯಾಜ್ಯಕ್ಕೆ ಹೈಕೋರ್ಟ್ ಶುರು ಮಾಡಿದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ 2007ರಿಂದ ಇದೆ. 2023ರಲ್ಲಿ ಮಧ್ಯಸ್ಥಿಕೆಗೇ ಅಂತ ಒಂದು ಕಾಯ್ದೆಯೂ ಬಂತು. ಅಲ್ಲಿನ ಮೂಲ ನಿಯಮವೇ ಮಕ್ಕಳಿಗೂ. ಮಧ್ಯಸ್ಥ ಅಂದ್ರೆ ಜಡ್ಜ್ ಅಲ್ಲ, ತೀರ್ಪು ಕೊಡಲ್ಲ. ಜಗಳ ಆಡಿದವರೇ ದಾರಿ ಹುಡುಕಬೇಕು.

ಒಂದು ಸಲ ಮಧ್ಯಾಹ್ನ ಊಟ ಆದ್ಮೇಲೆ, ತಟ್ಟೆ ತೊಳೆಯೋ ನಲ್ಲಿ ಹತ್ರ ಇಬ್ಬರು ಹುಡುಗಿಯರ ಜಗಳ. ಜಡೆ ಎಳೆದಾಟ ಆಗಿತ್ತು. ಏಳನೇ ಕ್ಲಾಸಿನ ಇಬ್ಬರು ಮಧ್ಯಸ್ಥರು ಅವರನ್ನ ಜಗಲಿಯಲ್ಲಿ ಕೂರಿಸಿದ್ರು. ‘ಮಾತಾಡೋಕೆ ಇಬ್ಬರಿಗೂ ಇಷ್ಟ ಇದ್ಯಾ?’ ಅನ್ನೋದು ಮೊದಲ ಪ್ರಶ್ನೆ. ಹೂಂ ಅಂದ್ರೆ ಮಾತ್ರ ಮುಂದೆ. ಒಬ್ಬಳು ಹೇಳುವಾಗ ಇನ್ನೊಬ್ಬಳು ಬಾಯಿ ಹಾಕಬಾರದು. ಬೈಗುಳ ಬೇಡ. ಇಲ್ಲಿ ಆಡಿದ ಮಾತು ಹೊರಗೆ ಹೋಗಬಾರದು, ಆದ್ರೆ ಯಾರಿಗಾದ್ರೂ ಅಪಾಯ ಇದೆ ಅನ್ನಿಸಿದ್ರೆ ಟೀಚರ್‌ಗೆ ಹೇಳಲೇಬೇಕು.

ಕೇಳಿದ್ದನ್ನ ಮಧ್ಯಸ್ಥರು ತಮ್ಮ ಮಾತಲ್ಲಿ ತಿರುಗಿ ಹೇಳ್ತಾರೆ. ‘ಅವಳು ಸಾಲು ಬಿಟ್ಟು ನುಗ್ಗಿದ್ಲು, ನಿಂಗೆ ಸಿಟ್ಟು ಬಂತು, ಇಷ್ಟೇನಾ ನೀನು ಹೇಳಿದ್ದು?’ ಇದು ಸಣ್ಣ ವಿಷಯ ಅನ್ನಿಸಬಹುದು. ಆದ್ರೆ ತನ್ನ ಮಾತು ಯಾರೋ ಕೇಳಿಸ್ಕೊಂಡ್ರು ಅಂತ ಗೊತ್ತಾದ ಕೂಡ್ಲೇ ಮಗುವಿನ ದನಿ ಇಳಿಯುತ್ತೆ. ಅವತ್ತೂ ಹಾಗೇ ಆಯ್ತು. ನುಗ್ಗಿದವಳು ಬಾಯಿಬಿಟ್ಟಳು. ಅವಳ ತಮ್ಮ ಒಂದನೇ ಕ್ಲಾಸು. ಅವನ ತಟ್ಟೆಯನ್ನೂ ಇವಳೇ ತೊಳೀಬೇಕು. ಲೇಟಾದ್ರೆ ಅವನು ಒಬ್ಬನೇ ಗೇಟ್ ಹತ್ರ ಹೋಗಿಬಿಡ್ತಾನೆ, ಹೊರಗೆ ರೋಡಲ್ಲಿ ನೀರಿನ ಟ್ಯಾಂಕರ್‌ಗಳು ಓಡಾಡ್ತಿರ್ತವೆ. ಜಡೆ ಎಳೆದವಳು ಸುಮ್ಮನಾದ್ಲು. ಕೊನೆಗೆ ‘ಎರಡು ತಟ್ಟೆ ಇದ್ದೋರು ಮೊದಲು’ ಅಂತ ಬರೆದು ಇಬ್ಬರೂ ಸಹಿ ಹಾಕಿದ್ರು. ‘ಯಾರು ಶುರು ಮಾಡಿದ್ದು’ ಅಂತ ನಾನು ಎಷ್ಟು ಸಲ ಕೇಳಿದ್ರೂ ಆ ಪುಟ್ಟ ತಮ್ಮನ ವಿಷಯ ಹೊರಗೆ ಬರ್ತಿರಲಿಲ್ಲ.

ಈಗ ನನ್ನ ತಪ್ಪು. ಇಂಥ ಒಂದೆರಡು ಗೆಲುವು ತಲೆಗೇರಿತ್ತು. ರಾಯಚೂರು ಕಡೆಯ ಒಬ್ಬ ಹುಡುಗ ಹೊಸದಾಗಿ ಸೇರಿದ್ದ. ನಾಲ್ಕು ಹುಡುಗರು ದಿನಾ ಅವನ ಮಾತಿನ ಧಾಟಿ ಅಣಕಿಸ್ತಿದ್ರು, ಬ್ಯಾಗ್ ಬಚ್ಚಿಡ್ತಿದ್ರು, ಅಪ್ಪನ ಗಾರೆ ಕೆಲಸ ಹಿಡಿದು ಅಡ್ಡಹೆಸರು ಇಟ್ಟಿದ್ರು. ಒಂದು ದಿನ ಅವನು ಅವರಲ್ಲೊಬ್ಬನಿಗೆ ಹೊಡೆದ. ನಾನು ಅದನ್ನೂ ‘ಜಗಳ’ ಅಂದ್ಕೊಂಡು ಮಧ್ಯಸ್ಥರ ಹತ್ರ ಕಳಿಸಿದೆ. ಕಾಗದದಲ್ಲಿ ಬರೆದದ್ದು: ‘ಅವರು ಅಣಕಿಸಲ್ಲ, ಇವನು ಹೊಡೆಯಲ್ಲ.’ ತಕ್ಕಡಿ ಸರಿತೂಗಿದ ಹಾಗೆ ಕಾಣ್ತಿತ್ತು. ಮಾರನೇ ದಿನದಿಂದ ಹುಡುಗ ಶಾಲೆಗೆ ಬರಲಿಲ್ಲ.

ಒಂದು ವಾರ ಕಾದು ಅವರ ಶೆಡ್‌ಗೆ ಹೋದೆ. ಅವನು ನೆಲ ನೋಡ್ತಾ ಹೇಳಿದ: ‘ಮಿಸ್, ಅವ್ರು ದಿನಾ ಮಾಡ್ತಿದ್ರು, ನಾ ಒಂದ್ಸಲ ಮಾಡೀನಿ. ಎರಡೂ ಒಂದೇ ಏನ್ರಿ?’

ನನ್ನ ಹತ್ರ ಉತ್ತರ ಇರಲಿಲ್ಲ. ಯಾಕಂದ್ರೆ ಎರಡೂ ಒಂದೇ ಅಲ್ಲ. ಸಮಬಲದವರ ನಡುವೆ ಆಗೋದು ಜಗಳ. ಒಂದು ಗುಂಪು ದಿನಾ ಒಬ್ಬನ ಮೇಲೆ ಬಿದ್ರೆ ಅದು ಕಿರುಕುಳ. ಅದನ್ನ ಮಕ್ಕಳ ಮುಂದೆ ರಾಜಿಗೆ ಇಡಬಾರದು, ದೊಡ್ಡವರೇ ತಡೀಬೇಕು. ಜಾತಿ ಹಿಡಿದು ಬೈಯೋದು, ಮೈ ಮುಟ್ಟೋದು, ದುಡ್ಡು ಕಿತ್ಕೊಳ್ಳೋದು ಕೂಡ ಹಾಗೇ. ತಡೆಯೋದು ಅಂದ್ರೆ ಬೆತ್ತ ಹಿಡಿಯೋದಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ.

ಅವತ್ತು ಆ ಕಾಗದವನ್ನ ಅವನ ಮುಂದೆಯೇ ಹರಿದೆ. ನಾಲ್ವರ ಮನೆಯವರನ್ನೂ ಕರೆಸಿ ಮಾತಾಡಿದ್ವಿ. ಊಟದ ಹೊತ್ತಲ್ಲಿ ನಾನೇ ಕಾರಿಡಾರಲ್ಲಿ ನಿಲ್ಲೋಕೆ ಶುರು ಮಾಡಿದೆ. ಇನ್ನೊಂದು ವಾರಕ್ಕೆ ಹುಡುಗ ವಾಪಸ್ ಬಂದ. ನನ್ನ ಹತ್ರ ಮುಖ ಕೊಟ್ಟು ಮಾತಾಡೋಕೆ ಅವನಿಗೆ ಅದಕ್ಕಿಂತ ಜಾಸ್ತಿ ದಿನ ಬೇಕಾಯ್ತು.

ನಿಮ್ಮ ತಮ್ಮನೋ ತಂಗಿಯೋ ಶಾಲೆಯಿಂದ ಮುಖ ಊದಿಸ್ಕೊಂಡು ಬಂದ್ರೆ ‘ಯಾರು ಶುರು ಮಾಡಿದ್ದು’ ಅಂತ ಕೇಳ್ಬೇಡಿ. ‘ಇದು ಎಷ್ಟು ದಿನದಿಂದ ನಡೀತಿದೆ?’ ಅಂತ ಕೇಳಿ. ಇವತ್ತಿನದು ಅಂದ್ರೆ ಇಬ್ಬರನ್ನೂ ಕೂರಿಸಿ ಮಾತಾಡಿಸಬಹುದು. ದಿನಾ ಅಂದ್ರೆ ನೀವೇ ಶಾಲೆಗೆ ಹೋಗಿ ಬನ್ನಿ. ಮಗು ಅಪಾಯದಲ್ಲಿದೆ ಅನ್ನಿಸಿದ್ರೆ ಮಕ್ಕಳ ಸಹಾಯವಾಣಿ 1098 ಇದೆ.

ಇವತ್ತಿಗೆ ಇಷ್ಟು. ನಿಮ್ಮ ಶಾಲೆಯಲ್ಲಿ ಜಗಳ ಹೇಗೆ ಬಗೆಹರೀತಿತ್ತು, ನಮಗೂ ಹೇಳಿ. ಮತ್ತೆ ಸಿಗೋಣ.