ನಮ್ಮ ಪ್ರೇಮಚಿತ್ರಗಳೂ ನಮ್ಮ ಮನೆಗಳೂ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಪಠ್ಯ)



ವೈದ್ಯರನ್ನು ಭಾಷಣಕ್ಕೆ ಕರೆದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆ ಎಂದು ಶುರುಮಾಡುತ್ತಾರೆಂಬ ಭಯ ಎಲ್ಲರಿಗೂ ಇರುತ್ತದೆ. ಅದೂ ಹೋಳಿಗೆ ಊಟಕ್ಕೆ ಮುಂಚೆ! ಗಾಬರಿಯಾಗಬೇಡಿ. ಇಂದಿನ ವಿಷಯ ನಮ್ಮ ಪ್ರೇಮಚಿತ್ರಗಳು. ಅದೂ ಹೃದಯಕ್ಕೆ ಸಂಬಂಧಪಟ್ಟದ್ದೇ ಆದ್ದರಿಂದ ನಮ್ಮ ವೃತ್ತಿಗೆ ತೀರ ಹೊರಗಿನದಲ್ಲ.

ಪ್ರೇಮಚಿತ್ರದ ಕಟ್ಟುಪಾಡುಗಳು ನಮಗೆಲ್ಲ ಬಾಯಿಪಾಠ. ಮೊದಲ ಭೇಟಿ ಜಗಳದಲ್ಲೇ ಆಗಬೇಕು. ಹಾಡು ಮೊದಲಾದೊಡನೆ ಬೆಂಗಳೂರಿನಲ್ಲಿದ್ದವರು ಜೋಗದಲ್ಲೋ ಸ್ವಿಟ್ಜರ್‌ಲ್ಯಾಂಡಿನಲ್ಲೋ ಇರಬೇಕು. ಹಿಮದಲ್ಲಿ ನಾಯಕನಿಗೆ ದಪ್ಪ ಕೋಟು, ನಾಯಕಿಗೆ ತೆಳು ಸೀರೆ. ಜನವರಿಯಲ್ಲಿ ಮಿಸ್ಸಿಸಾಗಾದ ಬಸ್‌ಸ್ಟಾಪಿನಲ್ಲಿ ಐದು ನಿಮಿಷ ನಿಂತವರಿಗೆ ಆ ನಾಯಕಿಯ ಕಷ್ಟ ಅರ್ಥವಾಗುತ್ತದೆ! ಆಮೇಲೆ ತಂದೆ ಅಡ್ಡ ಬರಬೇಕು. ಕಡೆಗೆ ಆಸ್ಪತ್ರೆ, ಕೆಂಪು ದೀಪ ಆರಿ, ವೈದ್ಯರು ಕನ್ನಡಕ ತೆಗೆದು, ಇನ್ನೆಲ್ಲ ದೇವರ ಕೈಲಿದೆ ಎನ್ನಬೇಕು.

ನಗು ಬರುವುದು ಸಹಜ. ಆದರೆ ಕಟ್ಟುಪಾಡುಗಳು ಸುಮ್ಮನೆ ಹುಟ್ಟುವುದಿಲ್ಲ. ಗಂಡು ಹೆಣ್ಣು ಎದುರುಬದುರು ನಿಂತು ಮಾತಾಡಲು ಅವಕಾಶವಿಲ್ಲದ ಸಮಾಜದಲ್ಲಿ ಜಗಳವೇ ಪರಿಚಯ, ಹಾಡೇ ಸಲ್ಲಾಪ.

ಇವೆಲ್ಲ ಎಲ್ಲ ಭಾಷೆಯ ಚಿತ್ರಗಳಲ್ಲೂ ಇವೆ. ನಮ್ಮ ಕನ್ನಡ ಚಿತ್ರಗಳು ವಿಶೇಷವಾಗಿ ಅಪ್ಪಿಕೊಂಡಿರುವ ಕಟ್ಟುಪಾಡುಗಳು ಎರಡು: ಮೌನ ಮತ್ತು ತ್ಯಾಗ. 1984ರ ‘ಬಂಧನ’ವನ್ನು ನೆನೆಯಿರಿ. ವಿಷ್ಣುವರ್ಧನ್ ಅಭಿನಯಿಸಿದ ಡಾಕ್ಟರ್ ಹರೀಶ್ ತನ್ನ ಪ್ರೀತಿಯನ್ನು ಹೇಳುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಸುಹಾಸಿನಿಯವರ ನಂದಿನಿ ಬೇರೊಬ್ಬನನ್ನು ಒಪ್ಪಿರುತ್ತಾಳೆ. 2006ರಲ್ಲಿ ಯೋಗರಾಜ್ ಭಟ್ಟರ ‘ಮುಂಗಾರು ಮಳೆ’ ಬಂದಾಗ ಕಾಲ ಬದಲಾಗಿತ್ತು. ನಾಯಕ ವಾಚಾಳಿ. ಅಮೆರಿಕದಲ್ಲಿ ನೆಲೆಸಿದ ನಮ್ಮವರೇ ಆದ ಮನೋಮೂರ್ತಿಯವರ ಸಂಗೀತ ಮನೆಮನೆಗೂ ತಲುಪಿತು. ಅಲ್ಲಿಯೂ ನಾಯಕಿಯ ಹೆಸರು ನಂದಿನಿಯೇ, ಅಲ್ಲಿಯೂ ನಾಯಕ ಅವಳನ್ನು ಬಿಟ್ಟುಕೊಟ್ಟು ಒಬ್ಬನೇ ಉಳಿಯುತ್ತಾನೆ. ಇಪ್ಪತ್ತೆರಡು ವರ್ಷಗಳ ಅಂತರದಲ್ಲಿ ಎರಡು ಪೀಳಿಗೆಗಳು ಒಂದೇ ಕಾರಣಕ್ಕೆ ಅತ್ತವು.

ತ್ಯಾಗ ದೊಡ್ಡ ಗುಣ, ಒಪ್ಪುತ್ತೇವೆ. ಆದರೆ ಅದರ ಬೆಲೆ ಕೊಡುವವರು ಯಾರು? ಈ ಪ್ರಶ್ನೆಯನ್ನು ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲೇ ‘ನಾಗರಹಾವು’ ಚಿತ್ರದಲ್ಲಿ ಕೇಳಿದ್ದರು. ಚಾಮಯ್ಯ ಮೇಷ್ಟ್ರು ಕೆಟ್ಟವರಲ್ಲ; ಶಿಷ್ಯನನ್ನು ಮಗನಂತೆ ಕಂಡವರು. ಜಾತಿಯ ಕಟ್ಟಿಗೆ ತಲೆಬಾಗಿ, ಅಲಮೇಲುವನ್ನು ಬಿಟ್ಟುಕೊಡು ಎಂದು ರಾಮಾಚಾರಿಗೆ ಹೇಳಿದರು. ಅವನು ಗುರುವಿನ ಮಾತು ಮೀರಲಿಲ್ಲ. ಅಲಮೇಲುವಿನ ಬಾಳು ನರಕವಾಯಿತು. ಮುಂದೆ ಮಾರ್ಗರೆಟ್‌ಳ ವಿಷಯದಲ್ಲೂ ಮೇಷ್ಟ್ರು ಅಡ್ಡ ನಿಂತಾಗ ಚಿತ್ರದುರ್ಗದ ಬೆಟ್ಟದಲ್ಲಿ ಗುರು, ಶಿಷ್ಯ, ಹುಡುಗಿ ಮೂವರೂ ಉಳಿಯಲಿಲ್ಲ. ಪ್ರೀತಿಸುವ ಹಿರಿಯರೇ ಕೇಳಿಸಿಕೊಳ್ಳದೆ ಹೋದರೆ ಏನಾದೀತೆಂಬುದಕ್ಕೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಕೆ?

ಅದೇ 1972ರಲ್ಲಿ ಟೊರಾಂಟೊದ ಜೆರಾರ್ಡ್ ರಸ್ತೆಯಲ್ಲಿ ನಾಜ್ ಚಿತ್ರಮಂದಿರ ತೆರೆಯಿತು. ಭಾರತದ ಚಿತ್ರಗಳನ್ನು ನೋಡಲು ದೂರದೂರದಿಂದ ಜನ ಬಂದರು. ಅವರ ಸುತ್ತ ಅಂಗಡಿ, ಹೋಟೆಲುಗಳು ಬೆಳೆದು ಇಂಡಿಯಾ ಬಜಾರ್ ಆಯಿತು. ಸಿನಿಮಾ ನಮ್ಮವರನ್ನು ಒಂದುಗೂಡಿಸಿದ್ದು ಹೀಗೆ. ಈಗ ಅದು ಮನೆಯ ಟೀವಿಗೇ ಬಂದಿದೆ. ಪಕ್ಕದಲ್ಲಿ ಕುಳಿತು ನೋಡುವವರು ಇಲ್ಲೇ ಹುಟ್ಟಿದ ನಮ್ಮ ಮಕ್ಕಳು.

ಆ ಮಕ್ಕಳಿಗಾಗಿ ಎರಡು ಮಾತು. ಒಂದು, ನಾಯಕಿ ಬೇಡವೆಂದರೂ ನಾಯಕ ಹಿಂದೆ ಬಿದ್ದು ಒಲಿಸಿಕೊಳ್ಳುವ ಕಟ್ಟುಪಾಡಿದೆಯಲ್ಲ, ಅದನ್ನು ಗಂಡುಮಕ್ಕಳ ಮುಂದೆ ನಕ್ಕು ಬಿಡಬಾರದು. ಕೆನಡಾದಲ್ಲಿ ಒಬ್ಬರು ಹೆದರುವಂತೆ ಮತ್ತೆ ಮತ್ತೆ ಹಿಂಬಾಲಿಸುವುದು 1993ರಿಂದ ದಂಡಸಂಹಿತೆಯ ಪ್ರಕಾರ ಅಪರಾಧ. ಕಾನೂನು ಹಾಗಿರಲಿ, ಬೇಡ ಎಂದರೆ ಬೇಡ ಎಂದೇ ಅರ್ಥವೆಂದು ಮನೆಯಲ್ಲೇ ಕಲಿಸಬೇಕು.

ಎರಡು, ಮೌನದ ವಿಷಯ. ಹೊಟ್ಟೆನೋವು, ನಿದ್ರೆಯಿಲ್ಲ, ಎದೆಬಡಿತ ಎಂದು ವೈದ್ಯರಾದ ನಮ್ಮ ಬಳಿ ಬರುವ ಯುವಕ ಯುವತಿಯರಲ್ಲಿ ಕೆಲವರ ಪರೀಕ್ಷೆಗಳೆಲ್ಲ ಸರಿಯಾಗಿರುತ್ತವೆ. ನಿಧಾನವಾಗಿ ವಿಚಾರಿಸಿದರೆ, ಮನಸ್ಸಿನಲ್ಲಿ ಯಾರೋ ಇದ್ದಾರೆ, ಮನೆಯಲ್ಲಿ ಹೇಳುವ ಧೈರ್ಯವಿಲ್ಲ. ಅದಕ್ಕೆ ನಮ್ಮ ಬಳಿ ಮಾತ್ರೆಯಿಲ್ಲ. ಔಷಧಿ ಅಪ್ಪ ಅಮ್ಮಂದಿರ ಬಳಿಯೇ ಇದೆ.

2002ರ ‘ಮೈ ಬಿಗ್ ಫ್ಯಾಟ್ ಗ್ರೀಕ್ ವೆಡ್ಡಿಂಗ್’ ಚಿತ್ರವನ್ನು ಹಲವರು ನೋಡಿರಬಹುದು. ಕಥೆ ಶಿಕಾಗೋದ್ದು, ಚಿತ್ರೀಕರಣ ನಮ್ಮ ಟೊರಾಂಟೊದಲ್ಲಿ. ಅಲ್ಲಿಯೂ ವಲಸೆ ಬಂದ ತಂದೆ, ನಮ್ಮವನಲ್ಲದ ಅಳಿಯ, ಮನೆತುಂಬ ರಂಪ. ಆದರೆ ಮಗಳು ಬಾಯಿಬಿಟ್ಟು ಹೇಳುತ್ತಾಳೆ. ತಂದೆ ಗೊಣಗುತ್ತಲೇ ಒಪ್ಪಿ, ಮದುವೆಗೆ ಪಕ್ಕದ ಮನೆಯನ್ನೇ ಉಡುಗೊರೆ ಕೊಡುತ್ತಾನೆ. ಮಗಳೂ ಉಳಿದಳು, ಸಂಪ್ರದಾಯವೂ ಉಳಿಯಿತು.

ತೆರೆಯ ಮೇಲೆ ಪ್ರೇಮಿಗಳು ಒಂದಾಗಲೆಂದು ಕಣ್ಣೀರಿಡುವವರು ನಾವು. ಅದೇ ಮಾತನ್ನು ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದರೆ? ಎಲ್ಲಕ್ಕೂ ಒಪ್ಪಿಬಿಡಿ ಎಂದು ನಾವು ಹೇಳುತ್ತಿಲ್ಲ. ಹಿರಿಯರ ಅನುಭವಕ್ಕೆ ಬೆಲೆಯಿದೆ. ಬೇಡವೆನ್ನಲು ಕಾರಣವಿದ್ದರೆ ಅದನ್ನೂ ಹೇಳೋಣ. ಆದರೆ ಮೊದಲು ಕೂರಿಸಿ, ಕಾಫಿ ಕೊಟ್ಟು, ಪೂರ್ತಿ ಕೇಳೋಣ. ಚಾಮಯ್ಯ ಮೇಷ್ಟ್ರು ಮಾಡದೆ ಹೋದದ್ದು ಅದೊಂದೇ.

ನಿಮ್ಮ ಮನೆಗಳಲ್ಲಿ ಪ್ರೀತಿಯೂ ಮಾತೂ ಜೊತೆಜೊತೆಯಾಗಿ ಬೆಳೆಯಲಿ ಎಂದು ಹಾರೈಸುತ್ತಾ, ಹೋಳಿಗೆಗೆ ಇನ್ನು ತಡಮಾಡದೆ ಮಾತು ಮುಗಿಸುತ್ತೇವೆ.  ಸಿರಿಗನ್ನಡಂ ಗೆಲ್ಗೆ.